ಭಂಡಾರದ ಲೆಕ್ಕ, ಯೋಧನ ಬೂಟು

2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಮೇಲಿನ, 19 ಸಾವಿರ ಅಡಿಗೂ ಎತ್ತರದ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಆರು ದಿನಗಳ ಬಳಿಕ ಒಬ್ಬರು ಮಾತ್ರ ಜೀವಂತವಾಗಿ ಸಿಕ್ಕರು. ಅವರು ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ. ಇಡೀ ನಾಡು ಅವರಿಗಾಗಿ ಪ್ರಾರ್ಥಿಸಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅವರ ಅಂತ್ಯಕ್ರಿಯೆಗೆ ಊರಿಗೆ ಊರೇ ಹರಿದುಬಂತು.

ಆ ದಿನ ನಾವೆಲ್ಲ ಕಣ್ಣೀರು ಹಾಕಿದೆವು, ಘೋಷಣೆ ಕೂಗಿದೆವು. ಆದರೆ ಆ ಹಿಮದ ಮೇಲೆ ನಿಂತ ಯೋಧನ ಕಾಲಲ್ಲಿ ಎಂಥ ಬೂಟಿತ್ತು, ಹೊಟ್ಟೆಗೆ ಏನು ಸಿಗುತ್ತಿತ್ತು ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು?

ಕೇಳುವುದೇ ಕೆಲಸವಾದ ಒಂದು ಸಂಸ್ಥೆ ಕೇಳಿತು. ದುರಂತ ನಡೆದು ನಾಲ್ಕು ವರ್ಷ ತುಂಬುವ ಹೊತ್ತಿಗೆ, 2020ರ ಫೆಬ್ರುವರಿಯ ಮೊದಲ ವಾರದಲ್ಲಿ, ಮಹಾಲೇಖಪಾಲರ (ಸಿಎಜಿ) ವರದಿಯೊಂದು ಸಂಸತ್ತಿನ ಮುಂದೆ ಬಂತು. ಎತ್ತರದ ಹಿಮಪ್ರದೇಶಗಳಲ್ಲಿರುವ ಯೋಧರ ಉಡುಪು, ಸಲಕರಣೆ, ಪಡಿತರ, ವಸತಿಯ ಲೆಕ್ಕಪರಿಶೋಧನೆ ಅದು. ಖರೀದಿ ನಾಲ್ಕು ವರ್ಷಗಳವರೆಗೂ ತಡವಾಗಿ ಅಗತ್ಯ ಉಡುಪುಗಳ ತೀವ್ರ ಕೊರತೆಯಾಯಿತು. ಹಿಮದ ಹೊಳಪಿನಿಂದ ಕಣ್ಣು ಕಾಯುವ ಕನ್ನಡಕಗಳ ಕೊರತೆ ಶೇ 62ರಿಂದ ಶೇ 98ರವರೆಗೆ ಇತ್ತು. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಬಹೂಪಯೋಗಿ ಬೂಟುಗಳ ವಿತರಣೆಯೇ ಆಗಲಿಲ್ಲ. ಬಳಸಿದ ಬೂಟುಗಳನ್ನೇ ಸರಿಪಡಿಸಿ ಮತ್ತೆ ತೊಡಬೇಕಾಯಿತು. ಜಾಕೆಟ್, ಮುಖಗವಸು, ಮಲಗುವ ಚೀಲಗಳನ್ನು ಹಳೆಯ ಮಾದರಿಯಲ್ಲೇ ಕೊಳ್ಳಲಾಯಿತು. ಪಡಿತರದ ಪದಾರ್ಥವೊಂದು ಇಲ್ಲದಾಗ ಶಕ್ತಿಯನ್ನು ನೋಡದೆ ಬೆಲೆಯನ್ನು ನೋಡಿ ಬದಲಿ ಪದಾರ್ಥ ಕೊಟ್ಟದ್ದರಿಂದ ಯೋಧರಿಗೆ ದೊರೆತ ಕ್ಯಾಲೊರಿ ಶೇ 82ರಷ್ಟರವರೆಗೂ ಕಡಿಮೆಯಾಯಿತು.

ಹನುಮಂತಪ್ಪನವರ ಸಾವಿಗೆ ಈ ಕೊರತೆ ಕಾರಣವೆಂದು ಯಾರೂ ಹೇಳಿಲ್ಲ, ನಾವೂ ಹೇಳುತ್ತಿಲ್ಲ. ಕುಸಿಯುವ ಹಿಮಕ್ಕೆ ಬೂಟಿನ ಲೆಕ್ಕವಿಲ್ಲ. ಆದರೆ ಅವರು ಠಾಣೆಯಲ್ಲಿ ನಿಂತಿದ್ದ ಆ ಚಳಿಗಾಲವೇ ಸಿಎಜಿ ಹೇಳಿದ ಆ ಹನ್ನೊಂದು ತಿಂಗಳೊಳಗೆ ಬರುತ್ತದೆ ಎಂಬುದನ್ನು ಮರೆಯಲಾಗದು. ವರದಿಯಲ್ಲಿರುವುದು ಹಳೆಯ ವರ್ಷಗಳ ಸ್ಥಿತಿ, ಈಗ ಎಲ್ಲವೂ ಸುಧಾರಿಸಿದೆ ಎಂದು ಅಂದಿನ ಸೇನಾ ಮುಖ್ಯಸ್ಥರು ಉತ್ತರಿಸಿದರು. ಸುಧಾರಿಸಿದ್ದರೆ ಸಂತೋಷ. ಆದರೆ ಆ ಹಳೆಯ ವರ್ಷಗಳಲ್ಲೂ ಅಲ್ಲಿ ನಿಂತವರು ನಮ್ಮ ಮಕ್ಕಳೇ. ಸುಧಾರಣೆಯ ಮಾತು ಹೊರಬಂದದ್ದೂ ಯಾರೋ ಲೆಕ್ಕ ಕೇಳಿದ್ದರಿಂದಲೇ.

ಇದು ಬೂಟಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಸೇನೆಯ ಮದ್ದುಗುಂಡುಗಳ ಬಗೆಗಳಲ್ಲಿ ಶೇ 40ರಷ್ಟು ಹತ್ತು ದಿನದ ಯುದ್ಧಕ್ಕೂ ಸಾಲುವಷ್ಟು ಇರಲಿಲ್ಲವೆಂದು 2017ರ ವರದಿ ಹೇಳಿತು. ಆಸ್ತಿಯ ಕಥೆಯೂ ಹೀಗೆಯೇ. ರಕ್ಷಣಾ ಇಲಾಖೆಯ ಕೈಯಲ್ಲಿರುವ ಭೂಮಿ ಸುಮಾರು 17.78 ಲಕ್ಷ ಎಕರೆ. ಸ್ವಾತಂತ್ರ್ಯ ಬಂದ ಮೇಲೆ ಅದರ ಸಂಪೂರ್ಣ ಮೋಜಣಿ ಮೊದಲ ಬಾರಿಗೆ ಮುಗಿದದ್ದು 2022ರ ಜನವರಿಯಲ್ಲಿ. ಎರಡು ಎಕರೆ ಹೊಲದ ರೈತ ವರ್ಷವರ್ಷ ಪಹಣಿ ತೆಗೆಸುತ್ತಾನೆ. ಸರ್ಕಾರಕ್ಕೆ ತನ್ನ ಭೂಮಿಯನ್ನು ಅಳೆದು ಮುಗಿಸಲು ಎಪ್ಪತ್ತನಾಲ್ಕು ವರ್ಷ ಬೇಕಾಯಿತು. ತಡವಾದರೂ ಆದದ್ದು ಒಳ್ಳೆಯದೇ.

ತರಬೇತಿಯನ್ನು ನೋಡಿ. ವಾಯುಪಡೆಯ ಪೈಲಟ್‌ಗಳ ಕೊರತೆ 2015ರ ಆರಂಭದಲ್ಲಿ 486 ಇದ್ದದ್ದು 2021ರ ಕೊನೆಗೆ 596ಕ್ಕೆ ಏರಿತ್ತು ಎಂದು 2024ರ ಡಿಸೆಂಬರ್‌ನಲ್ಲಿ ಮಂಡನೆಯಾದ ವರದಿ ತಿಳಿಸಿತು. ಹೊಸಬರು ಹಾರಾಟ ಕಲಿಯುವ 64 ಪಿಲಾಟಸ್ ವಿಮಾನಗಳ ಪೈಕಿ 16ರಲ್ಲಿ ಎಂಜಿನ್ ಎಣ್ಣೆ ಸೋರಿಕೆ ಕಂಡುಬಂದಿತ್ತು. ಇವುಗಳ ಜೊತೆಗೆ ಬೇಕಾದ ಎಚ್‌ಟಿಟಿ-40 ತರಬೇತಿ ವಿಮಾನವನ್ನು ರೂಪಿಸಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್. ಅದು ಮೊದಲು ಹಾರಿದ್ದು 2016ರಲ್ಲಿ. ಅಂಥ 70 ವಿಮಾನಗಳಿಗೆ ಒಪ್ಪಂದವಾದದ್ದು 2023ರಲ್ಲಿ. ಆ ಏಳು ವರ್ಷಗಳಲ್ಲಿ ಹಾರಲು ಕಲಿಯಲು ಬಂದ ತರುಣರು ಇದ್ದಬದ್ದ ವಿಮಾನಗಳಲ್ಲೇ ಕಲಿತರು.

ಹೀಗೆ ಬರೆದರೆ ಕೆಲವರು ಹುಬ್ಬೇರಿಸುತ್ತಾರೆ. ಸೇನೆಯ ಲೆಕ್ಕ ಕೇಳುವುದು ದೇಶಭಕ್ತಿಯೇ ಎನ್ನುತ್ತಾರೆ. ಶರಣ ಪರಂಪರೆಯವರಾದ ನಮಗೆ ಈ ಪ್ರಶ್ನೆ ಕಷ್ಟವಾಗಬಾರದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಪತ್ನಿ ಲಕ್ಕಮ್ಮ ಪ್ರಶ್ನಿಸಿದರು, ಹೆಚ್ಚಾದದ್ದನ್ನು ಇದ್ದಲ್ಲಿಗೇ ಸುರಿದು ಬರಲು ಹೇಳಿದರು. ಗಂಡನ ಮೇಲೆ ಅವರಿಗೆ ಅಪನಂಬಿಕೆ ಇರಲಿಲ್ಲ. ದಾಸೋಹ ಕೆಡಬಾರದೆಂಬ ಕಾಳಜಿ ಇತ್ತು. ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ಜಂಗಮರಿಗಾಗಿ ಅರಸನ ಹಣ ಕರಗಿಸುತ್ತಿದ್ದಾರೆಂದು ಚಾಡಿ ಹೇಳಿದವರಿದ್ದರು. ಲೆಕ್ಕ ತೋರಿಸೆಂದು ಅರಸ ಕೇಳಿದಾಗ ಬಸವಣ್ಣನವರು ಸಿಟ್ಟಾಗಲಿಲ್ಲ, ಭಂಡಾರದ ಗುಟ್ಟು ಎನ್ನಲಿಲ್ಲ. ಲೆಕ್ಕ ಒಪ್ಪಿಸಿದರು, ಒಂದು ಹೊನ್ನೂ ಕಡಿಮೆಯಿರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಶುದ್ಧಹಸ್ತನಿಗೆ ಲೆಕ್ಕ ಭಯವಲ್ಲ, ರಕ್ಷೆ.

ಗುಟ್ಟು ಇರಬೇಕಾದ ವಿಷಯಗಳು ಸೇನೆಯಲ್ಲಿವೆ, ಒಪ್ಪೋಣ. ಯಾವ ಕ್ಷಿಪಣಿ ಎಲ್ಲಿದೆ ಎಂಬುದು ಬೀದಿಯ ಮಾತಾಗಬೇಕಿಲ್ಲ. ಆದರೆ ರಕ್ಷಣಾ ಲೆಕ್ಕಪರಿಶೋಧನೆಯ ವರದಿಗಳನ್ನೇ ಜಾಲತಾಣದಲ್ಲಿ ಹಾಕದಿರುವ ಕ್ರಮ ಆ ವರ್ಷಗಳಲ್ಲಿ ಆರಂಭವಾಯಿತು. ಬೇರೆ ದೇಶಗಳ ಕೈಗೆ ಸುಲಭವಾಗಿ ಸಿಗಬಾರದೆಂಬುದು ಕೊಟ್ಟ ಕಾರಣ. ಬೂಟು ಬರಲಿಲ್ಲವೆಂಬುದು ಶತ್ರುವಿಗೆ ಗುಟ್ಟೋ, ಬೂಟು ತರಿಸದ ಅಧಿಕಾರಿಗೆ ಗುಟ್ಟೋ? ಮದ್ದುಗುಂಡಿನ ದಾಸ್ತಾನನ್ನು ಮರೆಮಾಡಲಿ. ಉಡುಪು, ಆಹಾರ, ವಸತಿ, ಭೂಮಿಯ ಲೆಕ್ಕವನ್ನು ಪ್ರಜೆಯ ಮುಂದಿಡಲಿ. 2025-26ರಲ್ಲಿ ರಕ್ಷಣೆಗೆ ಮೀಸಲಿಟ್ಟ ಹಣ 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವನ ತೆರಿಗೆಯೂ ಇದೆ.

ಸಂವಿಧಾನದ 151ನೇ ವಿಧಿಯಂತೆ ಸಿಎಜಿ ವರದಿ ರಾಷ್ಟ್ರಪತಿಗಳ ಮೂಲಕ ಸಂಸತ್ತಿಗೆ ಬರುತ್ತದೆ. ಅದನ್ನು ಪರಿಶೀಲಿಸುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ವಿರೋಧಪಕ್ಷದ ಸದಸ್ಯರೇ ಅದರ ಅಧ್ಯಕ್ಷರಾಗುವುದು 1967ರಿಂದ ಬಂದ ಸಂಪ್ರದಾಯ. ವರದಿ ಮಂಡನೆಯಾದ ನಾಲ್ಕು ತಿಂಗಳೊಳಗೆ ಇಲಾಖೆ ಕೈಗೊಂಡ ಕ್ರಮವನ್ನು ತಿಳಿಸಬೇಕೆಂಬ ನಿಯಮವಿದೆ. ದಾರಿ ಇದೆ, ನಡೆಯುವವರು ಬೇಕು. ನಮ್ಮ ಸಂಸದರು ಮಠಕ್ಕೆ ಬರುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ, ಆಶೀರ್ವಾದ ಪಡೆಯುತ್ತಾರೆ. ಯೋಧರ ಉಡುಪು, ಪಡಿತರದ ಬಗ್ಗೆ ನೀವು ಸದನದಲ್ಲಿ ಎಷ್ಟು ಬಾರಿ ಪ್ರಶ್ನೆ ಕೇಳಿದ್ದೀರಿ ಎಂದು ಪೂಜ್ಯರು ವೇದಿಕೆಯ ಮೇಲೆಯೇ ಕೇಳಿದರೆ ಅದಕ್ಕಿಂತ ದೊಡ್ಡ ಆಶೀರ್ವಚನ ಇಲ್ಲ. ಬೆಳಗಾವಿ, ಧಾರವಾಡ, ಗದಗ, ವಿಜಯಪುರದ ಹಳ್ಳಿಗಳಲ್ಲಿ ನಸುಕಿನಲ್ಲೇ ಎದ್ದು ಸೇನಾ ಭರ್ತಿಗಾಗಿ ಓಡುವ ಹುಡುಗರು ಎಷ್ಟೋ ಕಡೆ ಮಠದ ಪ್ರಸಾದ ನಿಲಯದಲ್ಲೇ ಉಂಡವರು.

ಒಂದು ಮಾತು ನಮಗೂ ಸಲ್ಲಬೇಕು. ದೆಹಲಿಯ ಲೆಕ್ಕ ಕೇಳುವ ಮಠ ತನ್ನ ದಾಸೋಹದ ಲೆಕ್ಕವನ್ನು, ವಿದ್ಯಾಸಂಸ್ಥೆಗಳ ಶುಲ್ಕದ ಲೆಕ್ಕವನ್ನು ಭಕ್ತರ ಮುಂದಿಟ್ಟಿದೆಯೇ? ಹಾಗೆ ಇಡುವ ಮಠಗಳಿವೆ, ಅವುಗಳಿಗೆ ಶರಣು. ಉಳಿದವುಗಳು ಈ ಬಸವ ಜಯಂತಿಯಿಂದಲೇ ವಾರ್ಷಿಕ ಲೆಕ್ಕವನ್ನು ಮಠದ ಗೋಡೆಗೆ ಅಂಟಿಸಲಿ. ಆಗ ನಮ್ಮ ಪ್ರಶ್ನೆಗೆ ತೂಕ ಬರುತ್ತದೆ.