ನಾಟಕದ ಪಿಸ್ತೂಲನ್ನೂ ಪರೀಕ್ಷಿಸಿ ಕೊಳ್ಳಬೇಕು



ಬನದ ಹುಣ್ಣಿಮೆಯ ತೇರು ಎಳೆದಾದ ಮೇಲೆ ನಮ್ಮ ಬನಶಂಕರಿಯಲ್ಲಿ ಎರಡು ವ್ಯಾಪಾರಗಳು ಬಲು ಜೋರು. ಒಂದು ನಾಟಕ, ಇನ್ನೊಂದು ಬಾಗಿಲ ಚೌಕಟ್ಟು. ಚೌಕಟ್ಟು ಕೊಳ್ಳಲು ಬಂದ ರೈತನನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಕೆತ್ತನೆಯ ಹೂಬಳ್ಳಿಗೆ ಆತ ಮರುಳಾಗುವುದಿಲ್ಲ. ನೇರವಾಗಿ ಮೂಲೆಯ ಸಂದಿಗೆ ಉಗುರು ತೂರಿಸಿ ನೋಡುತ್ತಾನೆ, ಎರಡೂ ಕೈಯಿಂದ ಹಿಡಿದು ಅಲುಗಾಡಿಸುತ್ತಾನೆ, ಆಮೇಲೆ ದರದ ಮಾತು. ಅದೇ ರೈತ ರಾತ್ರಿ ನಾಟಕದ ಥಿಯೇಟರು ಹೊಕ್ಕಾಗ ಅವನ ಮುಂದೆ ಎಂತಹ ಸಾಮಾನು ಬರುತ್ತದೆ ಎಂಬುದೇ ಈ ಬರಹದ ವಿಷಯ.

ಕೆಲವು ವರ್ಷಗಳ ಹಿಂದೆ ಕಿತ್ತೂರಿನ ಕಥೆಯ ನಾಟಕವೊಂದನ್ನು ನೋಡಿದೆ. ಥ್ಯಾಕರೆ ಸಾಹೇಬ ಸೊಂಟದಿಂದ ಆರು ಗುಂಡಿನ ರಿವಾಲ್ವರ್ ಹಿರಿದು ಟ್ರಿಗರ್ ಒತ್ತಿದ. ಸದ್ದಿಲ್ಲ. ಮತ್ತೊಮ್ಮೆ ಒತ್ತಿದ. ಆಗಲೂ ಇಲ್ಲ. ಎದುರಿಗಿದ್ದ ಸೈನಿಕ ಪಾಪ, ಸಾಹೇಬನ ಮರ್ಯಾದೆ ಉಳಿಸಲೆಂದು ತಾನಾಗಿಯೇ ಬಿದ್ದು ಸತ್ತ. ಶಿಳ್ಳೆಯೋ ಶಿಳ್ಳೆ! ನನಗೆ ನಗು ಬರಲಿಲ್ಲ. ಥ್ಯಾಕರೆ ಕಿತ್ತೂರಿನ ಮುಂದೆ ಮಡಿದದ್ದು 1824ರ ಅಕ್ಟೋಬರಿನಲ್ಲಿ. ಸ್ಯಾಮ್ಯುಯಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟು ಪಡೆದದ್ದು 1836ರಲ್ಲಿ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಆ ಎರಡೂ ಕಥೆಗಳಲ್ಲಿ ಇರಬೇಕಾದದ್ದು ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ, ಒಂದೇ ಗುಂಡಿನ ಪಿಸ್ತೂಲು.

ರಿವಾಲ್ವರಿಗೆ ಸರಿಯಾದ ಕಥೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಅದು ಮುಧೋಳದ ಹತ್ತಿರದ ಹಲಗಲಿ. ಹತ್ತನೆಯ ತರಗತಿಯ ಪಠ್ಯದಲ್ಲಿ ಆ ಬೇಡರ ಲಾವಣಿಯನ್ನು ಓದಿದವರು ನಿಮ್ಮ ಮನೆಗಳಲ್ಲಿ ಇದ್ದಾರು. ಆಯುಧಗಳನ್ನು ಒಪ್ಪಿಸಿರೆಂದು ಸರ್ಕಾರ 1857ರಲ್ಲಿ ಕಾಯ್ದೆ ತಂದಿತು, ಹಲಗಲಿಯವರು ಒಲ್ಲೆವೆಂದರು, ನವೆಂಬರಿನಲ್ಲಿ ಪಡೆ ಬಂದು ಊರಿಗೆ ಬೆಂಕಿಯಿಟ್ಟಿತು. ಆ ಕಾಲದ ಇಂಗ್ಲಿಷ್ ಅಧಿಕಾರಿಗಳಲ್ಲಿ ಹಲವರು ಸ್ವಂತ ಹಣದಿಂದ ಕೊಂಡ ಕೋಲ್ಟ್ ಅಥವಾ ಆಡಮ್ಸ್ ರಿವಾಲ್ವರುಗಳನ್ನು ಇಟ್ಟುಕೊಂಡಿರುತ್ತಿದ್ದರು. ಎರಡೂ ಕೇಪಿನವು. ಕೋಲ್ಟಿನಲ್ಲಿ ಆರು ಗುಂಡು, ಆಡಮ್ಸಿನಲ್ಲಿ ಐದು. ಒಂದೊಂದು ಗುಂಡಿಗೂ ಸಿಲಿಂಡರಿನ ಮುಂದಿನಿಂದ ಮದ್ದು ಸುರಿದು, ಸೀಸದ ಗುಂಡು ಒತ್ತಿ, ಹಿಂದಿನಿಂದ ಕೇಪು ಕೂರಿಸಬೇಕು. ಮುಗಿದ ಮೇಲೆ ಮತ್ತೆ ತುಂಬಲು ಹಲವು ನಿಮಿಷ ಬೇಕು. ಆದ್ದರಿಂದ ಹಲಗಲಿಯ ನಾಟಕದಲ್ಲಿ ಸಾಹೇಬ ಹಿತ್ತಾಳೆಯ ತೋಟಾ ತುಂಬುವುದಾಗಲಿ, ಒಂದೇ ಉಸಿರಿಗೆ ಇಪ್ಪತ್ತು ಗುಂಡು ಹಾರಿಸುವುದಾಗಲಿ ಶುದ್ಧ ತಪ್ಪು. ಬೇಡರಿಗೆ ಯಾವುದರ ಮುಂದೆ ಎದೆಯೊಡ್ಡಬೇಕಾಯಿತು ಎಂಬುದನ್ನು ನೋಡುವ ಮಗು ಸರಿಯಾಗಿ ನೋಡಬೇಡವೆ?

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನು ಕೊಂಡಿದ್ದ 1851ರ ಕೋಲ್ಟ್ ನೇವಿಯ ನಕಲನ್ನು ತೋರಿಸಿದ. ಇಂತಹ ನಕಲುಗಳು ಹೆಚ್ಚಾಗಿ ತಯಾರಾಗುವುದು ಇಟಲಿಯ ಬ್ರೆಶಿಯಾ ಪ್ರಾಂತದಲ್ಲಿ, ಗಾರ್ದೊನೆ ಎಂಬ ಊರಿನ ಸುತ್ತ. ಮದ್ದು ತುಂಬಿ ಹಾರಿಸಬಹುದಾದವು. ನಮ್ಮಲ್ಲಿ ಇಂತಹುದಕ್ಕೆ ಲೈಸೆನ್ಸು ಬೇಕಾಗುತ್ತದೆ, ಹಾಗಾಗಿ ಯಾರೂ ತರಲು ಹೊರಡಬೇಡಿ. ನಾನು ಹೇಳಹೊರಟದ್ದು ಅದನ್ನಲ್ಲ, ಆತ ಅದನ್ನು ಪರೀಕ್ಷಿಸಿದ ಬಗೆಯನ್ನು.

ಆತ ಮೊದಲು ನೋಡಿದ್ದು ಬೆಣೆಯನ್ನು. ಹೌದು, ನಮ್ಮ ಚೌಕಟ್ಟಿನವರದೇ ಬೆಣೆ! ಕೋಲ್ಟಿನ ನಳಿಗೆಯನ್ನು ಹಿಡಿದಿಡುವುದು ಅಡ್ಡಲಾಗಿ ತೂರಿಸಿದ ಒಂದು ಉಕ್ಕಿನ ಬೆಣೆ. ಹೆಬ್ಬೆರಳಿನ ಒತ್ತಿಗೋ ಒಂದು ಸಣ್ಣ ತಟ್ಟಿಗೋ ಅದು ಬಿಗಿಯಾಗಿ ಕೂರಬೇಕು. ಸಡಿಲವಿದ್ದರೆ ನಳಿಗೆ ಅಲುಗುತ್ತದೆ, ಅತಿಯಾಗಿ ಒಳಹೊಕ್ಕರೆ ಸಿಲಿಂಡರು ತಿರುಗದಂತೆ ಹಿಡಿಯುತ್ತದೆ. ನಳಿಗೆಗೂ ಸಿಲಿಂಡರಿಗೂ ನಡುವೆ ಕೂದಲೆಳೆಯ ಸಂದು ಸಾಕು. ಆಮೇಲೆ ಹ್ಯಾಮರನ್ನು ಅರ್ಧಕ್ಕೆ ಎಳೆದ. ಆಗ ಸಿಲಿಂಡರು ಬೆರಳಿಗೆ ಸಲೀಸಾಗಿ ತಿರುಗಬೇಕು. ಪೂರ್ತಿ ಎಳೆದಾಗ ಕಟಕ್ಕೆಂದು ಕಚ್ಚಿ ನಿಲ್ಲಬೇಕು, ಅಲುಗಬಾರದು. ಸಿಲಿಂಡರಿನ ಸುತ್ತ ಗೀರಿನ ಗೆರೆಯೊಂದು ಬಿದ್ದಿದ್ದರೆ, ತಡೆಯುವ ಕೊಂಡಿ ತನ್ನ ಹೊತ್ತಿಗೆ ಮೊದಲೇ ಎದ್ದು ಉಜ್ಜುತ್ತಿದೆ ಎಂದರ್ಥ. ಕಟ್ಟಿಗೆಯ ಹಿಡಿ ಲೋಹಕ್ಕೆ ಸೇರುವಲ್ಲಿ ಉಗುರು ತಡೆಯಬಾರದು. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿ ಕೈಯಾಡಿಸಿದ್ದಾರೆ. ಇನ್ನೊಂದು ಸ್ವಾರಸ್ಯ: ಪಳಪಳನೆ ಹೊಳೆಯುವ ಹಿತ್ತಾಳೆ ಮೈಯ "1851ರ ಕೋಲ್ಟ್" ಕೂಡ ಮಾರಾಟಕ್ಕಿದೆಯಂತೆ. ಕೋಲ್ಟ್ ಕಾರ್ಖಾನೆಯ ನೇವಿಯ ಮೈ ಹಿತ್ತಾಳೆಯದಲ್ಲ. ಹಿತ್ತಾಳೆ ಮೈಯವು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದವರು ಮಾಡಿದ ನಕಲುಗಳ ದಾರಿಯವು. ನಕಲಿನ ನಕಲು!

ಇಷ್ಟೆಲ್ಲ ಕೇಳುತ್ತ ಕುಳಿತಾಗ ನನ್ನ ಮನಸ್ಸು ಮೂವತ್ತು ವರ್ಷ ಹಿಂದಕ್ಕೆ, ನಮ್ಮ ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನಕ್ಕೆ ಹೋಗಿತ್ತು. ಹಲಗಲಿಯ ನಾಟಕ ನನ್ನದೇ ನಿರ್ದೇಶನ. ಸಾಹೇಬನ ಪಾತ್ರಕ್ಕೆಂದು ಜಾತ್ರೆಯ ಆಟಿಗೆ ಅಂಗಡಿಯಿಂದ ಎರಕದ ರಿವಾಲ್ವರೊಂದನ್ನು ತಂದೆ. ನೋಡಲು ಭಾರವಾಗಿ, ಕಪ್ಪಾಗಿ, ಚೆನ್ನಾಗಿತ್ತು. ಅಷ್ಟೇ ನೋಡಿದೆ. ಎರಡನೆಯ ತಾಲೀಮಿನಲ್ಲಿ ಎಳೆದ ಹ್ಯಾಮರು ನಿಲ್ಲದೆ ಜಾರಿ, ಅದರ ಅಂಚಿನ ಮುಳ್ಳು ಹುಡುಗನ ಹೆಬ್ಬೆರಳಿನ ಬುಡವನ್ನು ಸೀಳಿತು. ಎರಡು ಹೊಲಿಗೆ ಬಿದ್ದವು. ಅಲ್ಪವಿರಾಮ ತಪ್ಪಿದರೂ ಕೆಂಪು ಮಸಿಯಲ್ಲಿ ಗೆರೆ ಎಳೆಯುತ್ತಿದ್ದ ನಾನು ಆ ಸಾಮಾನನ್ನು ಒಮ್ಮೆ ತಿರುವಿ ಸಹ ನೋಡಿರಲಿಲ್ಲ. ಹುಡುಗನ ತಂದೆ ಮಾತ್ರ, "ಇರಲಿ ಬಿಡ್ರಿ ಸರ, ಹುಡುಗರು ಅಂದಮ್ಯಾಲ ಆಗತಾವ" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದರು.

ಈಗಲೂ ಶಾಲೆಗಳಲ್ಲಿ ನಾಟಕ ಮಾಡಿಸುವ ನನ್ನ ಶಿಷ್ಯರಿದ್ದೀರಿ. ನನ್ನ ಅಭಿಪ್ರಾಯ ಕೇಳಿದರೆ, ಎರಕದ್ದನ್ನು ತರಲೇಬೇಡಿ. ಬಡಿಗನಿಂದ ಸಾಗುವಾನಿಯಲ್ಲಿ ಒಂದೇ ತುಂಡಾಗಿ ಮಾಡಿಸಿರಿ, ನಳಿಗೆಗೆ ತೂತು ಕೊರೆಯದಂತೆ ಹೇಳಿರಿ, ಸದ್ದನ್ನು ಪರದೆಯ ಹಿಂದೆ ಮಾಡಿರಿ. ಕೋಲ್ಟಿನ ಮೇಲ್ಭಾಗ ತೆರೆದಿರುತ್ತದೆ, ಸಿಲಿಂಡರಿನ ಮೇಲೆ ಪಟ್ಟಿಯಿಲ್ಲ. ಇದನ್ನು ಬಡಿಗನಿಗೆ ಚಿತ್ರ ತೋರಿಸಿಯೇ ಹೇಳಬೇಕು. ಮಕ್ಕಳ ಕೈಗೆ ಕೊಡುವ ಮುನ್ನ ಪ್ರತಿಯೊಂದು ಅಂಚಿನ ಮೇಲೂ ನಿಮ್ಮ ಬೆರಳನ್ನೇ ಆಡಿಸಿ ನೋಡಿರಿ.

ಆ ಸಾಹೇಬನ ಪಾತ್ರದ ಹುಡುಗ ಈ ಪುಟವನ್ನು ಓದುತ್ತಾನೆಂದು ಕೇಳಿದ್ದೇನೆ. ಅಂದು ನಿನ್ನ ತಂದೆಯ ಮುಂದೆ ಹೇಳಬೇಕಾದ ಮಾತು ನನ್ನ ಬಾಯಿಂದ ಬರಲಿಲ್ಲ, ತಮ್ಮಾ. ತಪ್ಪು ನನ್ನದಿತ್ತು. ಬರುವ ಜಾತ್ರೆಗೆ ಊರಿಗೆ ಬಂದರೆ ಮನೆಗೆ ಬಾ, ಆ ಹೊಲಿಗೆಯ ಗುರುತು ಇನ್ನೂ ಇದೆಯೇ ನೋಡಬೇಕು.