ಕರಿಹೊಗೆಯ ಮೂಲವೆಲ್ಲಿ?

ಕೆಟ್ಟು ನಿಂತ ವಾಹನಗಳನ್ನು ಎಳೆದು ತರುವ ಡೀಸೆಲ್ ಪಿಕಪ್ಪುಗಳು ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳ ಹೆದ್ದಾರಿಗಳಲ್ಲಿ ಹಗಲಿರುಳೂ ದುಡಿಯುತ್ತವೆ. ಕಸಾರಾ ಘಾಟಿನ ಏರು, ಸಂಭಾಜಿನಗರ ಜಿಲ್ಲೆಯ ‘ಕನ್ನಡ’ ಎಂಬ ಊರಿನಾಚೆಯ ಘಾಟು, 2025ರ ಜೂನ್ ತಿಂಗಳಲ್ಲಿ ಪೂರ್ತಿಯಾಗಿ ತೆರೆದ 701 ಕಿಲೋಮೀಟರುಗಳ ಸಮೃದ್ಧಿ ಮಹಾಮಾರ್ಗ, ಇವೆಲ್ಲವೂ ಅವುಗಳ ಕಾರ್ಯಕ್ಷೇತ್ರ. ಇಂತಹ ಗಾಡಿಯು ಕರಿಹೊಗೆ ಉಗುಳತೊಡಗಿದಾಗ, ಅಥವಾ ಮಸಿ ಹಿಡಿಯುವ ಫಿಲ್ಟರು ತುಂಬಿತೆಂದು ದೀಪ ಹತ್ತಿದಾಗ, ಕೆಲವು ಗ್ಯಾರೇಜುಗಳಲ್ಲಿ ದೊರೆಯುವ ಸಲಹೆ ಒಂದೇ: ‘ಫಿಲ್ಟರನ್ನೇ ಕತ್ತರಿಸಿ ತೆಗೆದುಬಿಡಿ.’ ನೆಗಡಿಯಾದರೆ ಮೂಗು ಕೊಯ್ಯುವ ಈ ಚಿಕಿತ್ಸೆಯನ್ನು ನಾವು ಸರ್ವಥಾ ಒಪ್ಪಲಾರೆವು.

ಇದು ಗಾಡಿಯ ಮಾಲೀಕರ ಪ್ರಶ್ನೆ, ಹೋಟೆಲಿನ ಕೆಲಸಗಾರನಿಗೂ ಗುಮಾಸ್ತನಿಗೂ ಇದರಿಂದೇನು ಎಂದು ಓದುಗರು ಕೇಳಬಹುದು. ನಮ್ಮವರ ಹೋಟೆಲುಗಳು ರಸ್ತೆಗೆ ಮುಖಮಾಡಿ ನಿಂತಿವೆ. ಗಲ್ಲೆಯ ಮೇಲೆ ಕುಳಿತವನೂ, ಮೇಜು ಒರೆಸುವ ಹುಡುಗನೂ ದಿನದ ಹನ್ನೆರಡು ಗಂಟೆ ಆ ಗಾಳಿಯನ್ನೇ ಉಸಿರಾಡುತ್ತಾರೆ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಸಾರಿತು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ಈ ಎರಡು ನಗರಗಳೂ ಸೇರಿವೆ. ಸಂಭಾಜಿನಗರವನ್ನು ಹಾದುಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯೇ ಮುಂದೆ ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿಗಳ ಮೂಲಕ ಅಂಕೋಲೆಯನ್ನು ಮುಟ್ಟುತ್ತದೆ. ಅಲ್ಲಿ ಉಗುಳಿದ ಹೊಗೆ ಪರರ ಹೊಗೆಯೆಂದು ನಾವು ಸುಮ್ಮನಿರುವಂತಿಲ್ಲ.

ಮಸಿ ಹುಟ್ಟುವ ಬಗೆಯನ್ನು ಹೋಟೆಲಿನವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಗ್ಯಾಸ್ ಬರ್ನರಿನ ಗಾಳಿಯ ತೂತು ಮುಚ್ಚಿದರೆ ನೀಲಿ ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತದೆ. ಎಂಜಿನಿನಲ್ಲಿಯೂ ಅಷ್ಟೇ: ಬಿದ್ದ ಡೀಸೆಲಿಗೆ ತಕ್ಕಷ್ಟು ಗಾಳಿ ಸಿಕ್ಕದಿದ್ದರೆ, ಉರಿಯದೆ ಉಳಿದ ಇಂಗಾಲವೇ ಮಸಿ. ಭಾರವನ್ನು ಎಳೆಯುವಾಗ ಡೀಸೆಲ್ ಹೆಚ್ಚು ಬೀಳುತ್ತದೆ, ಆದುದರಿಂದ ಗಾಳಿಯ ಸಣ್ಣ ಕೊರತೆಯೂ ಆಗ ಬಯಲಾಗುತ್ತದೆ. ಹಿಂದೆ ಲಾರಿಯನ್ನು ಕಟ್ಟಿಕೊಂಡು, ಏರಿನಲ್ಲಿ ಗೇರು ಇಳಿಸದೆ ಎಕ್ಸಿಲೇಟರು ತುಳಿಯುವ ಚಾಲಕನು ಒಳ್ಳೆಯ ಎಂಜಿನಿನಿಂದಲೂ ಮಸಿ ಹೊರಡಿಸಬಲ್ಲನು. ಎಂಜಿನ್ ನಿಧಾನವಾಗಿ ತಿರುಗುವಾಗ ಟರ್ಬೊ ಬೇಕಾದಷ್ಟು ಗಾಳಿಯನ್ನು ಒದಗಿಸಲಾರದು.

ಆದಕಾರಣ ಪರೀಕ್ಷೆಯು ಗಾಳಿಯಿಂದ ಆರಂಭವಾಗತಕ್ಕದ್ದು, ಅದಕ್ಕೆ ಖರ್ಚೂ ಕಡಿಮೆ. ಏರ್ ಫಿಲ್ಟರು ಧೂಳಿನಿಂದ ಕಟ್ಟಿದೆಯೇ? ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸು ಸೀಳಿದೆಯೇ, ಅದರ ಕ್ಲಿಪ್ಪು ಸಡಿಲಾಗಿದೆಯೇ? ನಿಂತಾಗ ಸುಮ್ಮನಿದ್ದು, ಎಳೆಯುವಾಗ ಸುಯ್ಯೆಂಬ ಸದ್ದಿನೊಡನೆ ಬಲ ಕುಂದಿ ಕರಿಹೊಗೆ ಬಂದರೆ ಮೊದಲು ಹೋಸನ್ನೇ ಶಂಕಿಸಬೇಕು. ಅನಂತರ, ಸುಟ್ಟ ಹೊಗೆಯನ್ನು ಮರಳಿ ಒಳಗೆ ಬಿಡುವ ಇಜಿಆರ್ ವಾಲ್ವು ತೆರೆದಂತೆಯೇ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಇವೆಲ್ಲ ಸರಿಯಿದ್ದರೆ ಮಾತ್ರ ಇಂಜೆಕ್ಟರಿನ ಸರದಿ. ನಾಝಲು ಹನಿ ತೊಟ್ಟಿಕ್ಕಿಸುತ್ತಿದ್ದರೆ ಮಸಿ ತಪ್ಪದು. ಆದರೆ ಪರೀಕ್ಷಿಸದೆ ಅದನ್ನು ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. 1951ರಲ್ಲಿ ಹುಟ್ಟಿ ಕನ್ನಡಿಗರಿಗೆಲ್ಲ ‘ಮೈಕೋ’ ಎಂದು ಪರಿಚಿತವಾಗಿದ್ದು, 2008ರಿಂದ ಬಾಷ್ ಎನಿಸಿಕೊಂಡಿರುವ ಸಂಸ್ಥೆಯು ಇಂಜೆಕ್ಟರು, ನಾಝಲುಗಳನ್ನು ತಯಾರಿಸುವುದು ನಾಸಿಕದಲ್ಲಿಯೇ. ಅಂತಹ ಊರಿನಲ್ಲಿ ಊಹೆಯ ಮೇಲೆ ನಾಝಲು ಬದಲಿಸುವುದು ನಾಚಿಕೆಗೇಡು.

ಹೊಗೆಯ ಬಣ್ಣವನ್ನೂ ಗಮನಿಸಬೇಕು. ನೀಲಿಯಾದರೆ ಎಂಜಿನ್ ಆಯಿಲು ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಉರಿಯದ ಡೀಸೆಲನ್ನೋ ಒಳಗೆ ಸೋರುವ ಕೂಲೆಂಟನ್ನೋ ಶಂಕಿಸಬೇಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ತರುವಾಯ ಸಾಮಾನ್ಯವಾದ ಡಿಪಿಎಫ್ ಎಂಬ ಫಿಲ್ಟರು ಇರುವ ಗಾಡಿಗಳಲ್ಲಿ ಮಸಿ ಹೊರಗೆ ಕಾಣದು, ಒಳಗೇ ಸಂಗ್ರಹವಾಗುತ್ತದೆ. ಅಲ್ಲಿ ಸೈಲೆನ್ಸರಿನ ಬಾಯಿ ಕಪ್ಪಾಗಿದ್ದರೆ ಫಿಲ್ಟರು ಒಡೆದಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ. ಫಿಲ್ಟರು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಎಂಜಿನನ್ನು ನಿಂತಲ್ಲೇ ಗಂಟೆಗಟ್ಟಲೆ ಓಡಿಸಿ, ನಾಲ್ಕಾರು ಮೈಲು ಎಳೆದು, ಮತ್ತೆ ನಿಲ್ಲುವ ಗಾಡಿಗೆ ಆ ಶಾಖ ಒದಗದು. ಪದೇ ಪದೇ ತುಂಬುವ ಫಿಲ್ಟರು ಬೇರೆಲ್ಲಿಯದೋ ದೋಷವನ್ನು ತಿಳಿಸುತ್ತಿರುತ್ತದೆ. ಆ ದೋಷವನ್ನು ಬಿಟ್ಟು ಫಿಲ್ಟರನ್ನು ಮಾತ್ರ ಕಿತ್ತರೆ, ಒಳಗಿದ್ದ ಮಸಿ ಹೋಟೆಲಿನ ಜಗಲಿಗೆ ಬರುವುದಷ್ಟೇ ಲಾಭ.

ಪಿಯುಸಿ ಸರ್ಟಿಫಿಕೇಟು ಇದೆಯಲ್ಲ ಎಂಬ ಸಮಾಧಾನವೂ ಸಾಲದು. ಆ ಪರೀಕ್ಷೆಯಲ್ಲಿ ಡೀಸೆಲ್ ಗಾಡಿಯನ್ನು ಭಾರವಿಲ್ಲದೆ, ನಿಂತಲ್ಲಿಯೇ, ಎಕ್ಸಿಲೇಟರು ತುಳಿದು ಹೊಗೆಯನ್ನು ಅಳೆಯುತ್ತಾರೆ. ಘಾಟಿನಲ್ಲಿ ಲಾರಿ ಎಳೆಯುವಾಗಿನ ಹೊಗೆ ಅಲ್ಲಿ ಕಾಣಿಸಲಾರದು. ಎಳೆಯುವ ವಾಹನಗಳಿಗೆ ಭಾರದೊಡನೆ ಪರೀಕ್ಷೆ ನಡೆಸುವ ಏರ್ಪಾಡನ್ನು ಸರಕಾರವು ಮಾಡಬೇಕೆಂಬುದು ನಮ್ಮ ಆಗ್ರಹ.

ಹೊಸ ಫಿಲ್ಟರಿನ ಬೆಲೆ ಹೆಚ್ಚು, ಸಾಲದ ಕಂತು ಕಟ್ಟುವ ಸಣ್ಣ ಮಾಲೀಕನಿಗೆ ಅದು ಹೊರೆ ಎಂಬುದನ್ನು ನಾವು ಬಲ್ಲೆವು. ಆದರೆ ಸೀಳಿದ ಹೋಸನ್ನು ಮೊದಲೇ ಕಂಡುಹಿಡಿದಿದ್ದರೆ ಆ ಹೊರೆ ಬಾರದಿರುವ ಸಂಭವವೇ ಹೆಚ್ಚು. ಮೇಲಾಗಿ, ವಾಯುಮಾಲಿನ್ಯದ ಮಿತಿ ಮೀರಿದ ಗಾಡಿಯನ್ನು ಓಡಿಸಿದವನಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೇ 10,000 ರೂಪಾಯಿಗಳವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಉಂಟು. ಲೈಸೆನ್ಸಿಗೂ ಮೂರು ತಿಂಗಳು ಅನರ್ಹತೆ. ಕತ್ತರಿಸಲು ಹೇಳಿದವನು ಗ್ಯಾರೇಜಿನಲ್ಲಿ ಉಳಿಯುತ್ತಾನೆ, ರಸ್ತೆಯಲ್ಲಿ ಸಿಕ್ಕಿಬೀಳುವವನು ಚಾಲಕ.

ಈ ವಿಷಯದಲ್ಲಿ ನಮ್ಮ ಗುಮಾಸ್ತ ಬಂಧುಗಳ ಸಹಾಯ ಸಣ್ಣದಲ್ಲ. ಟ್ರಾನ್ಸ್‌ಪೋರ್ಟ್ ಕಚೇರಿಗಳಲ್ಲಿ ಡೀಸೆಲಿನ ಲೆಕ್ಕ ಬರೆಯುವವರು ಅದೇ ಪುಸ್ತಕದಲ್ಲಿ ಇನ್ನು ನಾಲ್ಕು ಕಲಮುಗಳನ್ನು ಸೇರಿಸಲಿ: ಎಳೆದ ಭಾರವೆಷ್ಟು, ಯಾವ ಏರು, ಯಾವ ಬಣ್ಣದ ಹೊಗೆ, ಫಿಲ್ಟರಿನ ದೀಪ ಹತ್ತಿದ ದಿನ ಯಾವುದು. ಒಂದು ತಿಂಗಳ ಇಂತಹ ಲೆಕ್ಕವು ಮೇಸ್ತ್ರಿಯ ಕೈಸೇರಿದರೆ ದೋಷ ಎಲ್ಲಿದೆಯೆಂದು ಹುಡುಕಲು ಅವನಿಗೆ ದಾರಿ ಸಿಕ್ಕುತ್ತದೆ, ಮಾಲೀಕನಿಗೆ ಹಣ ಉಳಿಯುತ್ತದೆ. ರಸ್ತೆಯ ಬದಿಯಲ್ಲಿ ಚಹದ ಲೋಟ ಹಿಡಿದು ಓಡಾಡುವ ನಮ್ಮ ಹುಡುಗರ ಎದೆಗೂ ಅಷ್ಟರಮಟ್ಟಿಗೆ ರಕ್ಷಣೆ ದೊರೆಯುತ್ತದೆ.