ಕಚೇರಿಯ ಕಾಗದವನ್ನು ಕಚೇರಿಯೇ ತರಿಸಿಕೊಳ್ಳಲಿ

ಜೂನ್, ಜುಲೈ ಬಂತೆಂದರೆ ಗುಂಡ್ಲುಪೇಟೆಯಲ್ಲೂ ಚಾಮರಾಜನಗರದಲ್ಲೂ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಕಾಲೇಜು ಸೇರುವ ಮಕ್ಕಳು, ಜೊತೆಗೆ ಅಪ್ಪನೋ ಅವ್ವನೋ, ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಕವರಿನೊಳಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್, ರೇಷನ್ ಕಾರ್ಡ್, ಆಧಾರ್, ಪಹಣಿ. ಎಲ್ಲದಕ್ಕೂ ಮೂರು ಮೂರು ಪ್ರತಿ.

ಆ ಕಾಗದಗಳನ್ನು ಒಂದೊಂದಾಗಿ ತೆಗೆದು ನೋಡಿ. ಜಾತಿ, ಆದಾಯದ ಪತ್ರ ಕೊಟ್ಟವರು ತಹಶೀಲ್ದಾರರು. ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದು ಪರೀಕ್ಷಾ ಮಂಡಳಿ. ರೇಷನ್ ಕಾರ್ಡ್ ಆಹಾರ ಇಲಾಖೆಯದು, ಪಹಣಿ ಕಂದಾಯ ಇಲಾಖೆಯದು. ಕೊಟ್ಟಿದ್ದೆಲ್ಲ ಸರ್ಕಾರವೇ. ಈಗ ತೋರಿಸು ಅಂತ ಕೇಳುತ್ತಿರುವುದೂ ಸರ್ಕಾರವೇ. ಒಂದು ಕಚೇರಿಯ ಕಾಗದವನ್ನು ಇನ್ನೊಂದು ಕಚೇರಿಗೆ ಹೊತ್ತು ತಲುಪಿಸುವ ಟಪಾಲಿನವರು ಮಾತ್ರ ನಾವು. ಸಂಬಳ ಇಲ್ಲ, ಬಸ್ ಚಾರ್ಜೂ ನಮ್ಮದೇ, ಆ ದಿನದ ಕೂಲಿಯೂ ಹೋಯಿತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಸರ್ಕಾರದ ಬಳಿ ಈಗಾಗಲೇ ಇರುವ ದಾಖಲೆಯನ್ನು ಜನರಿಂದ ಮತ್ತೆ ಕೇಳುವುದು ನಿಲ್ಲಬೇಕು. ಕಚೇರಿಯಿಂದ ಕಚೇರಿಗೆ ಅದು ಬೀಗ ಹಾಕಿದ ದಾರಿಯಲ್ಲಿ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗಬೇಕು. ಯಾರು ನೋಡಿದರು ಅನ್ನುವುದು ನಮಗೆ ತಿಳಿಯಬೇಕು.

ಇದೇನು ಹೊಸ ಕನಸಲ್ಲ. ಪಹಣಿ ಕಂಪ್ಯೂಟರಿಗೆ ಬಂದು 25 ವರ್ಷವಾಯಿತು. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು, ಕೈಬರಹದ ಪಹಣಿಯನ್ನು ನಿಲ್ಲಿಸಿದರು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಸಿಗುತ್ತಿತ್ತು. ದೇಶವೇ ತಿರುಗಿ ನೋಡಿದ ಕೆಲಸ ಅದು. 2012ರಿಂದ ನಾಡಕಚೇರಿಗಳಲ್ಲಿ ಜಾತಿ, ಆದಾಯ ಪತ್ರಗಳೂ ಕಂಪ್ಯೂಟರಿನಲ್ಲೇ ಸಿದ್ಧವಾಗುತ್ತಿವೆ. ಪ್ರತಿ ಪತ್ರದ ಮೇಲೂ ಆರ್‌ಡಿ ಅಂತ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಾಕಿದರೆ ಪತ್ರ ನಿಜವೋ ಸುಳ್ಳೋ ನಾಡಕಚೇರಿ ವೆಬ್‌ಸೈಟಿನಲ್ಲೇ ಗೊತ್ತಾಗುತ್ತದೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ, ಸಿಇಟಿ ಅರ್ಜಿ ಎರಡರಲ್ಲೂ ಈ ಆರ್‌ಡಿ ಸಂಖ್ಯೆ ಕೇಳುತ್ತಾರೆ. ಅಂದರೆ ಕಂಪ್ಯೂಟರ್ ಕಂಪ್ಯೂಟರನ್ನು ಕೇಳಿ ಉತ್ತರ ಪಡೆಯುವ ದಾರಿ ಇದೆ. ಹಾಗಿದ್ದೂ ಅದೇ ಹುಡುಗಿ ಕಾಲೇಜಿನ ಕೌಂಟರಿಗೆ ಹೋದರೆ, 'ಜೆರಾಕ್ಸ್ ಎಲ್ಲಮ್ಮ?' ಅನ್ನುತ್ತಾರೆ.

ಕಾನೂನೂ ಅಡ್ಡ ಬರುವುದಿಲ್ಲ. ವಿದ್ಯುನ್ಮಾನ ದಾಖಲೆಗೆ, ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಡಿಜಿಲಾಕರ್ ಬಂದಿದ್ದು 2015ರಲ್ಲಿ. ಅದರಲ್ಲಿ ಇಲಾಖೆಗಳೇ ಕೊಟ್ಟ ದಾಖಲೆಯನ್ನು ಅಸಲಿಗೆ ಸಮ ಎಂದು ಪರಿಗಣಿಸಬೇಕು ಅಂತ 2017ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನೇ ಮಾಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಕೌಂಟರಿನಲ್ಲಿ ಕೂತವರಿಗೆಂದೇ ಹುಟ್ಟಿದಂತಿದೆ.

ಇಲ್ಲಿ ಡಿಜಿಟಲ್ ಸಹಿ ಅಂದರೇನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ಮುಖ್ಯವಾದ ಲಕೋಟೆಗೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ದಾರಿಯಲ್ಲಿ ಯಾರಾದರೂ ಬಿಚ್ಚಿದರೆ ಅರಗು ಒಡೆದಿರುತ್ತಿತ್ತು. ಡಿಜಿಟಲ್ ಸಹಿಯೂ ಅಂಥದ್ದೇ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಮುದ್ರೆ ಒಡೆದಿದೆ ಅಂತ ಕಂಪ್ಯೂಟರ್ ಹೇಳಿಬಿಡುತ್ತದೆ. ಆದರೆ ಆ ಮುದ್ರೆ ಇರುವುದು ಫೈಲಿನೊಳಗೆ. ಪ್ರಿಂಟ್ ತೆಗೆದ ಕೂಡಲೇ ಮುದ್ರೆ ಫೈಲಿನಲ್ಲೇ ಉಳಿಯಿತು, ಕೈಗೆ ಬಂದದ್ದು ಬರೀ ಕಾಗದ. ಆ ಕಾಗದದ ಜೆರಾಕ್ಸ್ ಅಂದರೆ ನೆರಳಿನ ನೆರಳು. ಮೊಬೈಲಿನಲ್ಲಿ ಫೋಟೊ ತೆಗೆದು ಹೆಸರು, ಮೊತ್ತ ತಿದ್ದುವುದು ಇವತ್ತು ಹತ್ತು ನಿಮಿಷದ ಕೆಲಸ. ಎಲ್ಲಕ್ಕಿಂತ ಸುಲಭವಾಗಿ ಮೋಸ ಮಾಡಬಹುದಾದ ಕಾಗದವನ್ನೇ ನಮ್ಮ ಕಚೇರಿಗಳು ಎಲ್ಲಕ್ಕಿಂತ ಹೆಚ್ಚು ನಂಬುತ್ತಿವೆ. ಸಂಖ್ಯೆ ಹಾಕಿ ಪರೀಕ್ಷಿಸಿದರೆ ಒಂದೇ ನಿಮಿಷ. ಆ ಒಂದು ನಿಮಿಷವನ್ನು ಉಳಿಸಿಕೊಳ್ಳಲು ನಮ್ಮ ಒಂದು ದಿನವನ್ನು ತೆಗೆದುಕೊಳ್ಳುತ್ತಾರೆ.

ಹೋದದ್ದು ಬರೀ ದಿನವಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಈಗ ಕಾಗದ ಕೈಯಿಂದ ಕೈಗೂ ಹೋಗುತ್ತಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತಿದೆ. 'ಆಧಾರ್ ಫೋಟೊ ಹಾಕ್ಬುಡಿ, ಅರ್ಜಿ ತುಂಬಿರ್ತೀನಿ' ಅನ್ನುವುದು ಪ್ರತಿ ಸೈಬರ್ ಸೆಂಟರಿನ ಮಾತು. ಅವರನ್ನು ದೂರುತ್ತಿಲ್ಲ, ಅವರಿಲ್ಲದಿದ್ದರೆ ಎಷ್ಟೋ ಅರ್ಜಿಗಳು ಹೋಗುತ್ತಲೇ ಇರಲಿಲ್ಲ. ಆದರೆ ಊರಿನ ಅರ್ಧ ಜನರ ಆಧಾರ್, ಪಾಸ್‌ಬುಕ್, ಜಾತಿ ಪತ್ರ ಆ ಅಂಗಡಿಯ ಕಂಪ್ಯೂಟರಿನಲ್ಲಿ 'ಡೌನ್‌ಲೋಡ್ಸ್' ಅನ್ನುವ ಒಂದೇ ಫೋಲ್ಡರಿನಲ್ಲಿ ಬಿದ್ದಿರುತ್ತವೆ. ಅರ್ಜಿ ಹೋದ ಮೇಲೆ ಅಳಿಸಿದರಾ? ಕೇಳುವವರಿಲ್ಲ. ವರದಿಗೆಂದು ಹಳ್ಳಿಗಳಲ್ಲಿ ಓಡಾಡುವಾಗ ಇನ್ನೊಂದನ್ನೂ ಕಂಡಿದ್ದೇನೆ. ವಯಸ್ಸಾದ ಎಷ್ಟೋ ಜನರ ಅರ್ಜಿಯಲ್ಲಿರುವ ಮೊಬೈಲ್ ನಂಬರ್ ಅವರದಲ್ಲ, ಅರ್ಜಿ ತುಂಬಿದವರದು. ಓಟಿಪಿ ಬರುವುದು ಅಲ್ಲಿಗೆ. 'ಏನ್ ಸಾ ಮಾಡದು, ನಮ್ ತಾವು ಫೋನಿಲ್ಲ' ಅನ್ನುತ್ತಾರೆ. ಮನೆಯ ಬೀಗದ ಕೈ ಬೇರೆಯವರ ಜೇಬಿನಲ್ಲಿ ಇದ್ದ ಹಾಗೆ.

ಇದರ ಅಪಾಯ ಸರ್ಕಾರಕ್ಕೂ ಗೊತ್ತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ಜೆರಾಕ್ಸನ್ನು ಎಲ್ಲೆಂದರಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾದರು. ಎರಡೇ ದಿನಕ್ಕೆ, ಮೇ 29ರಂದು, ಪ್ರಕಟಣೆಯನ್ನು ವಾಪಸ್ ತೆಗೆದುಕೊಂಡರು. ಪ್ರಕಟಣೆ ವಾಪಸಾಯಿತು, ಅಪಾಯ ವಾಪಸಾಗಲಿಲ್ಲ.

ಮಾರನೇ ವರ್ಷ, 2023ರಲ್ಲಿ, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಯಿಂದ ದುಡ್ಡು ಮಾಯವಾಯಿತು. ಓಟಿಪಿ ಇಲ್ಲ, ಎಟಿಎಂ ಕಾರ್ಡ್ ಇಲ್ಲ. ಕಾವೇರಿ ತಂತ್ರಾಂಶದಲ್ಲಿ ಸಿಗುತ್ತಿದ್ದ ನೋಂದಣಿ ಪತ್ರಗಳಿಂದ ಬೆರಳಚ್ಚನ್ನು ನಕಲು ಮಾಡಿ, ಹೆಬ್ಬೆಟ್ಟಿನಿಂದ ಹಣ ತೆಗೆಯುವ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಬಳಸಿದ್ದರು ಅನ್ನುವುದು ಪೊಲೀಸ್ ತನಿಖೆಯಲ್ಲಿ ಹೊರಬಂತು. ಆಮೇಲೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮುಚ್ಚುವ ಕ್ರಮ ಬಂತು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಹೆಬ್ಬೆಟ್ಟನ್ನು ಬದಲಾಯಿಸುವುದು ಹೇಗೆ?

ಹಾಗಾಗಿ ಕಾಗದವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ ಮಾತ್ರಕ್ಕೆ ಭದ್ರ ಅಂತಲ್ಲ. ಸ್ಕ್ಯಾನ್ ಕೂಡ ಇನ್ನೊಂದು ಥರದ ಜೆರಾಕ್ಸೇ. ನಿಜವಾಗಿ ಕಚೇರಿಗೆ ಬೇಕಿರುವುದು ಕಾಗದವಲ್ಲ, ಒಂದು ಪ್ರಶ್ನೆಗೆ ಉತ್ತರ. ಪರಿಶಿಷ್ಟ ಜಾತಿ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಮನೆಯ ವರ್ಷದ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಆ ಇಲಾಖೆ ಕಂದಾಯ ಇಲಾಖೆಯನ್ನು ಕೇಳಬೇಕಾದ್ದು 'ಈ ಮನೆಯ ಆದಾಯ ಆ ಮಿತಿಯೊಳಗಿದೆಯಾ?' ಅಂತ ಒಂದೇ ಮಾತು. ಬರಬೇಕಾದ್ದು ಹೌದು ಅಥವಾ ಇಲ್ಲ. ನಮ್ಮ ಅಪ್ಪನ ಹೆಸರು, ವಿಳಾಸ, ಬೆರಳಚ್ಚು, ಜಮೀನಿನ ಚಕ್ಕುಬಂದಿ ಎಲ್ಲವನ್ನೂ ನಾಲ್ಕು ಮೇಜಿನ ಮೇಲೆ ಹರಡುವ ಅಗತ್ಯವೇ ಇಲ್ಲ.

ಇಂಥ ದಾರಿಯೊಂದು ನಮ್ಮ ರೈತರಿಗೆ ಆಗಲೇ ಪರಿಚಯವಿದೆ. ಬೆಳೆ ಸಾಲ ತೆಗೆದುಕೊಂಡರೆ ಜಮೀನಿನ ಮೇಲೆ ಬ್ಯಾಂಕಿನ ಋಣಭಾರ ಬರೆಸಲು ಹಿಂದೆ ಉಪನೋಂದಣಿ ಕಚೇರಿಗೆ ಅಲೆಯಬೇಕಿತ್ತು. ಈಗ ಫ್ರೂಟ್ಸ್‌ನಲ್ಲಿ ಎಫ್‌ಐಡಿ ಇದ್ದರೆ ಬ್ಯಾಂಕೇ ಜಮೀನಿನ ವಿವರ ನೋಡಿ, ಋಣಭಾರದ ವಿವರವನ್ನು ಆನ್‌ಲೈನಿನಲ್ಲೇ ಕಳಿಸುತ್ತದೆ. ಅದು ಪಹಣಿಯಲ್ಲಿ ಬಂದು ಕೂರುತ್ತದೆ. ಬ್ಯಾಂಕಿಗೆ ತನ್ನ ಸಾಲ ಭದ್ರವಾಗಬೇಕಿತ್ತು, ಆದ್ದರಿಂದ ದಾರಿ ಬೇಗ ಆಯಿತು. ಮಕ್ಕಳ ವಿದ್ಯಾರ್ಥಿವೇತನಕ್ಕೆ, ವಿಧವಾ ವೇತನಕ್ಕೆ, ವೃದ್ಧಾಪ್ಯ ವೇತನಕ್ಕೆ ಅದೇ ಚುರುಕು ಯಾಕಿಲ್ಲ?

'ಡಿಜಿಲಾಕರ್ ಇದೆಯಲ್ಲ, ಜನ ಕಲಿತುಕೊಳ್ಳಲಿ' ಅನ್ನುವವರಿದ್ದಾರೆ. ಸ್ಮಾರ್ಟ್‌ಫೋನ್ ಇರುವವರಿಗೆ ಅದು ಒಳ್ಳೆಯದೇ. ಆದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಲ್ಲಿ, ಬಂಡೀಪುರದ ಅಂಚಿನ ಜೇನುಕುರುಬರ ಹಾಡಿಯಲ್ಲಿ ಇರುವ ಅಜ್ಜಿಗೆ ಮೊದಲು ಸಿಗ್ನಲ್ ಬೇಕು, ಆಮೇಲೆ ಫೋನ್, ಆಮೇಲೆ ಆಧಾರಿಗೆ ಜೋಡಿಸಿದ ನಂಬರ್. ಅವರ ಕೈಗೆ ಆ್ಯಪ್ ಕೊಟ್ಟು ಕೈತೊಳೆದುಕೊಳ್ಳುವುದು ಹೊರೆಯನ್ನು ಕಾಗದದಿಂದ ಫೋನಿಗೆ ದಾಟಿಸಿದಷ್ಟೇ. ಕಚೇರಿಯಿಂದ ಕಚೇರಿಗೆ ಇರುವ ದಾರಿ ಹಾಗಲ್ಲ. ಅಜ್ಜಿ ಬಂದು ಒಪ್ಪಿಗೆ ಹೇಳಿದರೆ ಸಾಕು, ಉಳಿದದ್ದು ಕೌಂಟರಿನ ಆಚೆ ನಡೆಯುತ್ತದೆ. ಫೋನ್ ಇಲ್ಲದವರಿಗೇ ಇದು ಹೆಚ್ಚು ಬೇಕಾದದ್ದು.

ಒಂದು ಎಚ್ಚರಿಕೆಯೂ ಬೇಕು. ಕಚೇರಿಗಳು ಒಂದಕ್ಕೊಂದು ಜೋಡಿಸಿಕೊಂಡರೆ ಸರಿ ಹೋದ ಹಾಗೆಯೇ ತಪ್ಪೂ ಹೋಗುತ್ತದೆ. ನಮ್ಮ ಸೀಮೆಯಲ್ಲಿ ಮನೆಗೊಬ್ಬ ಮಾದೇವ. ಪಹಣಿಯಲ್ಲಿ ಮಾದಯ್ಯ, ಆಧಾರ್‌ನಲ್ಲಿ ಮಹದೇವಯ್ಯ, ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಮಹದೇವಸ್ವಾಮಿ, ಮೂರೂ ಒಬ್ಬರೇ. ಊರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. 2023ರ ಬರ ಪರಿಹಾರ ಫ್ರೂಟ್ಸ್ ದಾಖಲೆಯನ್ನು ನೋಡಿಯೇ ರೈತರ ಖಾತೆಗೆ ಹೋಯಿತು. ಅಂಥ ಕಡೆ ಒಂದು ಸರ್ವೆ ನಂಬರ್ ಬಿಟ್ಟುಹೋಗಿದ್ದರೆ ಆ ಜಮೀನೇ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ತಪ್ಪು ಎಲ್ಲಿದೆ ಅಂತ ನೋಡುವ ಹಕ್ಕು, ತಿದ್ದಿಸುವ ಒಂದೇ ಕಿಟಕಿ, ತಿದ್ದುವುದಕ್ಕೊಂದು ಗಡುವು ಇರಲೇಬೇಕು. ನಮ್ಮಲ್ಲಿ ಅರ್ಜಿಗಳಿಗೆ ಗಡುವು ಹಾಕುವ ಸಕಾಲ 2012ರಿಂದಲೇ ಜಾರಿಯಲ್ಲಿದೆ. ದಾಖಲೆ ತಿದ್ದುಪಡಿಗೂ ಅದೇ ಬಿಗಿ ಬೇಕು.

ಎಸ್ಟೋನಿಯಾ ಅಂತ ಯುರೋಪಿನಲ್ಲೊಂದು ಪುಟ್ಟ ದೇಶ. ಜನಸಂಖ್ಯೆ ಸುಮಾರು 13 ಲಕ್ಷ. ನಮ್ಮ ಜಿಲ್ಲೆಯದು 2011ರ ಜನಗಣತಿಯಲ್ಲಿ 10 ಲಕ್ಷ ದಾಟಿತ್ತು. ಹೆಚ್ಚುಕಮ್ಮಿ ನಮ್ಮಷ್ಟೇ ಜನ. ಅಲ್ಲಿ 2001ರಿಂದ ಎಕ್ಸ್-ರೋಡ್ ಅನ್ನುವ ವ್ಯವಸ್ಥೆ ಇದೆ. ಎಲ್ಲ ಮಾಹಿತಿಯನ್ನೂ ಒಂದೇ ಕಡೆ ರಾಶಿ ಹಾಕಿಲ್ಲ. ಅವರವರ ದಾಖಲೆ ಆಯಾ ಇಲಾಖೆಯಲ್ಲೇ ಇರುತ್ತದೆ. ಬೇಕಾದಾಗ ಬೇಕಾದಷ್ಟು ಮಾತ್ರ ಬೀಗ ಹಾಕಿಕೊಂಡು ಹೋಗುತ್ತದೆ. ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಕೇಳಬಾರದು ಅನ್ನುವುದು ಅಲ್ಲಿನ ನಿಯಮ. ತನ್ನ ದಾಖಲೆಯನ್ನು ಯಾವ ಕಚೇರಿ ಯಾವತ್ತು ನೋಡಿತು ಅಂತ ಅಲ್ಲಿನ ಪ್ರಜೆ ಮನೆಯಲ್ಲೇ ಕೂತು ನೋಡಬಹುದು. ಈ ಕೊನೆಯದು ನಮಗೆ ಬಹಳ ಮುಖ್ಯ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣಕ್ಕೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರೇ ಇದೆ. ನಮ್ಮ ನಾಡಿನವರು ಗೆದ್ದುಕೊಟ್ಟ ಹಕ್ಕು ನಮ್ಮ ನಾಡಕಚೇರಿಯ ಬಾಗಿಲಿಗೂ ಬರಬೇಕಲ್ಲವೇ?

ಕೌಂಟರಿನ ಆಚೆ ಕೂತವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ನಾವು ಇಂದಿಗೂ ವಿಎ ಅಂತ ಕರೆಯುವವರು, ಮುಷ್ಕರ ಮಾಡಿದರು. ಕೆಲಸಕ್ಕೊಂದು ಆ್ಯಪ್, ಆದರೆ ಒಳ್ಳೆಯ ಮೊಬೈಲ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ ಅನ್ನುವುದು ಅವರ ದೂರುಗಳಲ್ಲೊಂದು. ಅದು ನ್ಯಾಯವಾದ ದೂರು. ಅದಕ್ಕೇ ಇನ್ನೊಂದು ಹೊಸ ಆ್ಯಪ್ ಬೇಡ. ಇರುವ ತಂತ್ರಾಂಶಗಳೇ ಒಂದರೊಡನೊಂದು ಮಾತಾಡಲಿ. ಆಗ ನಮ್ಮ ಅಲೆದಾಟವೂ ತಪ್ಪುತ್ತದೆ, ಅವರು ಅದೇ ವಿವರವನ್ನು ನಾಲ್ಕು ಸಲ ಟೈಪ್ ಮಾಡುವುದೂ ತಪ್ಪುತ್ತದೆ.

ಸರ್ಕಾರ ಮಾಡುವತನಕ ನಾವು ಮಾಡಬಹುದಾದ್ದು ಕೆಲವಿವೆ. ಆಧಾರ್ ಕೊಡಲೇಬೇಕಾದಾಗ ಮಾಸ್ಕ್ಡ್ ಆಧಾರ್ ಸಾಕೇ ಅಂತ ಮೊದಲು ಕೇಳಿ. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಹೆಬ್ಬೆಟ್ಟು ಬೇಕಾದಾಗ ಮಾತ್ರ ತೆಗೆಯಿರಿ. ಅರ್ಜಿಯಲ್ಲಿ ನಿಮ್ಮದೇ ನಂಬರ್ ಹಾಕಿಸಿ, ಇಲ್ಲದಿದ್ದರೆ ಮಗಳದೋ ಮೊಮ್ಮಗನದೋ ಹಾಕಿಸಿ, ಅಂಗಡಿಯವರದು ಬೇಡ. ಕೆಲಸ ಮುಗಿದ ಮೇಲೆ 'ನನ್ನ ಫೈಲ್ ಡಿಲೀಟ್ ಮಾಡಪ್ಪ' ಅಂತ ಎದುರಿಗೇ ನಿಂತು ಅಳಿಸಿಸಿ. ಖಾತೆಯಿಂದ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನು ಕಚೇರಿಯಲ್ಲಿ ಯಾರಾದರೂ ಜಾತಿ ಪತ್ರದ ಜೆರಾಕ್ಸ್ ಕೇಳಿದರೆ ಜಗಳ ಬೇಡ. 'ಸಾರ್, ಆರ್‌ಡಿ ನಂಬರ್ ಇಲ್ಲಿದೆ, ನೀವೇ ನೋಡ್ಕೊಳ್ಳಿ' ಅನ್ನಿ. ಆಗೋಲ್ಲ ಅಂದರೆ ಯಾಕೆ ಆಗೋಲ್ಲ ಅಂತ ಬರೆದುಕೊಡಲು ಕೇಳಿ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆಗೆ ಇದನ್ನೂ ಒಂದು ಬೇಡಿಕೆಯಾಗಿ ಬರೆಸಿ. ಒಬ್ಬರು ಕೇಳಿದರೆ ಕೌಂಟರಿನಲ್ಲಿ ನಗುತ್ತಾರೆ. ಹತ್ತು ಊರಿನವರು ಕೇಳಿದರೆ ಸುತ್ತೋಲೆ ಹೊರಡುತ್ತದೆ.